ಒಳಗಿರೋದು ಗಾಜು

ಹಾಡುವುದಿಲ್ಲ ಎಂದಾಗ ಅವನಿಗೆ ಸೊಕ್ಕು ಬಂದಿದೆ ಎಂದೇ ನಾನು ತಿಳಿದೆ.

ಕ್ಯಾಂಟೀನಿನಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದೆವು. ಮಾಲೀಕರ ಮಗಳು, ನಮ್ಮ ಬಾಯಲ್ಲಿ ಸಣ್ಣ ಮೇಡಂ, ಬಂದು ಸುದ್ದಿ ಹೇಳಿದರು. ನಮ್ಮ ರಟ್ಟಿನ ಬಾಕ್ಸುಗಳ ಜಾಹೀರಾತಿಗೆ ಒಂದು ತಮಾಷೆಯ ಮ್ಯೂಸಿಕ್ ವಿಡಿಯೊ. ಹೊರಗಿನ ನಟರು ಬೇಡ, ನಾವೇ ಬಾಕ್ಸ್ ತೊಟ್ಟು ಕುಣಿಯಬೇಕು. ಅಕೌಂಟ್ಸ್ ಸರ್ ಫ್ರಿಜ್ಜಿನ ಬಾಕ್ಸಿನೊಳಗೆ ಸೊಂಟ ತಿರುಗಿಸುವುದನ್ನು ನೆನೆದು ಬಿದ್ದು ಬಿದ್ದು ನಕ್ಕೆವು. ಯಾರು ಹಾಡಬೇಕು ಎಂದು ಯಾರೂ ಕೇಳಲಿಲ್ಲ. ಎಲ್ಲರೂ ತಿರುಗಿ ಕೊನೆಯ ಬೆಂಚಿನ ಕಡೆ ನೋಡಿದರು.

"ನನ್ನ ಕೈಲಾಗಲ್ಲ ಮೇಡಂ," ಎಂದ ರೇಡಿಯೊ, ತಟ್ಟೆಯಿಂದ ತಲೆ ಎತ್ತದೆ.

ಅವನು ಕಾಗದದ ರೀಲುಗಳನ್ನು ಏರಿಸಿ ರಟ್ಟು ತಯಾರಿಸುವ ದೊಡ್ಡ ಮೆಷಿನ್ನಿನವನು. ಕೇಳಿದರೂ ಕೇಳದಿದ್ದರೂ ಹಾಡುತ್ತಿದ್ದುದರಿಂದ ಆ ಹೆಸರು ಬಂದಿತ್ತು. ನಾನು ಅವನೆದುರು ಕೂತು ಬಾಕ್ಸಿಗೆ ಪಿನ್ ಹೊಡೆಯುವವಳು. ಇವಳ ನಾಲಿಗೆಯೂ ಹಾಗೇ ಚುಚ್ಚುತ್ತದೆ ಎಂದು ನನಗೆ ಪಿನ್ನಮ್ಮ ಎಂದು ಹೆಸರಿಟ್ಟವನು ಅವನೇ.

"ಏನಪ್ಪ, ರೇಟ್ ಜಾಸ್ತಿ ಮಾಡ್ಕೊಂಡ್ಯಾ?" ಕೈ ತೊಳೆಯುವಾಗ ಕೇಳಿದೆ.

"ಗಂಟಲು ಕೂತಿದೆ."

"ಇಷ್ಟು ದಿನದಿಂದ ಕೂತೇ ಇದೆಯಾ? ಸ್ವಲ್ಪ ಎದ್ದೇಳೋಕೆ ಹೇಳು."

ನಕ್ಕ. ಆದರೆ ನನ್ನ ಮುಖ ನೋಡಲಿಲ್ಲ. ಈಚೆಗೆ ಅವನು ನನ್ನನ್ನು ನೋಡುವುದನ್ನೇ ಬಿಟ್ಟಿದ್ದ, ಮತ್ತು ಅದರಿಂದ ನನಗೆ ಊಟ ಸೇರದಷ್ಟು ನೋವಾಗಿತ್ತು.

ಯಾಕೆಂದರೆ ನಮ್ಮ ಮಾತುಕತೆಯೆಲ್ಲ ನೋಟದಲ್ಲೇ ಇತ್ತು. ಅವನ ಮೆಷಿನ್ ಶುರುವಾಯಿತೆಂದರೆ ಪಕ್ಕದಲ್ಲಿ ನಿಂತು ಕೂಗಿದರೂ ಕೇಳಿಸುವುದಿಲ್ಲ. ಕಿವಿಗೆ ಪ್ಲಗ್ ಸಿಕ್ಕಿಸಿಕೊಂಡು ಎಲ್ಲರೂ ಕೈಯಲ್ಲೇ ಮಾತಾಡುತ್ತೇವೆ. ಮುಷ್ಟಿ ಎತ್ತಿದರೆ ನಿಲ್ಲಿಸು. ಅಂಗೈಯನ್ನು ಕೆಳಕ್ಕೆ ಒತ್ತಿದರೆ ನಿಧಾನ. ಯಾರಾದರೂ ಎದ್ದು ಹೋಗಬೇಕಾದಾಗ ಇನ್ನೊಬ್ಬರು ತಮ್ಮ ಎದೆಯ ಮೇಲೆ ಅಂಗೈ ಇಡುತ್ತಾರೆ. ನಿನ್ನ ಮೆಷಿನ್ ಇನ್ನು ನನ್ನ ಜವಾಬ್ದಾರಿ ಎಂದು ಅದರ ಅರ್ಥ. ಇವು ಎಲ್ಲರ ಸನ್ನೆಗಳು. ನಮ್ಮಿಬ್ಬರಿಗೇ ಬೇರೆ ಕೆಲವಿದ್ದವು. ಊಟ ಆಯ್ತಾ. ಇವತ್ತು ಚೆನ್ನಾಗಿ ಕಾಣ್ತೀಯ. ಸೂಪರ್‌ವೈಸರ್ ಬಂದ, ಹಲ್ಲು ಮುಚ್ಕೋ. ವರ್ಷಗಟ್ಟಲೆ ಹೀಗೆ ಹರಟಿ, ಬಾಯಿಬಿಟ್ಟು ಹೇಳಬೇಕಾದ ಒಂದೇ ಒಂದು ಮಾತನ್ನು ಇಬ್ಬರೂ ಹಾಗೇ ಉಳಿಸಿಕೊಂಡಿದ್ದೆವು.

ಸಣ್ಣ ಮೇಡಂ ಬಿಡಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ ಮೀಟಿಂಗ್ ರೂಮಿನ ಕಿಟಕಿಗಳಿಗೆ ಪ್ಯಾಕಿಂಗ್ ಫೋಮ್ ಹೊದಿಸಿ ಅವನನ್ನು ಮೈಕ್ ಮುಂದೆ ನಿಲ್ಲಿಸಿದರು. ನಾವೆಲ್ಲ ಗೋಡೆಗೆ ಒರಗಿ ನಿಂತೆವು.

"ಮೆತ್ತಗೆ ಇಳಿಸೋ ಮಹಾರಾಯ, ಒಳಗಿರೋದು ಗಾಜು,
ಬಿದ್ದರೆ ಒಡೆದು ಹೋಗೋದು ನಾನು, ನಿನಗೇನೋ ಮೋಜು!"

ಬಂದದ್ದು ಅವನ ಧ್ವನಿಯೇ ಅಲ್ಲ. ಒರಟಾಗಿ, ಒಡೆದು, ನಡುನಡುವೆ ಕೀರಲಾಗಿ ಬಂತು. ತಮಾಷೆಗೆ ಬೇಕೆಂದೇ ಹಾಗೆ ಹಾಡುತ್ತಿದ್ದಾನೆ ಎಂದು ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. "ಇದೇ ನಮಗೆ ಬೇಕಾಗಿದ್ದು," ಎಂದರು ಸಣ್ಣ ಮೇಡಂ. ನಾನೂ ನಕ್ಕೆ. ಆಮೇಲೆ ಅವನು ಕೆಮ್ಮಿ, ಬಾಯಿಗೆ ಹಿಡಿದ ಕರ್ಚೀಫನ್ನು ಯಾರಿಗೂ ಕಾಣದಂತೆ ಮುದುಡಿ ಜೇಬಿಗಿಟ್ಟ ರೀತಿ ಕಂಡು ನಗು ನಿಂತಿತು.

ರೀಲುಗಳನ್ನು ಪೇರಿಸಿಟ್ಟ ಗೋಡೌನಿನಲ್ಲಿ ಅವನನ್ನು ಹಿಡಿದೆ.

"ಕರ್ಚೀಫ್ ತೋರಿಸು."

"ನಿನಗ್ಯಾಕೆ?"

"ತೋರಿಸು ಅಂದೆ."

ತೋರಿಸಲಿಲ್ಲ. ಒಂದು ರೀಲಿನ ಮೇಲೆ ಕೂತು ಹೇಳಿದ. "ಕ್ಯಾನ್ಸರ್. ಧ್ವನಿಪೆಟ್ಟಿಗೆ ಪೂರ್ತಿ ತೆಗೀಬೇಕಂತೆ. ಪೆಟ್ಟಿಗೆ ಮಾಡೋನ ಪೆಟ್ಟಿಗೇನೇ ಕಿತ್ಕೊಳ್ತಾರೆ, ನೋಡು. ಅಕ್ಕನಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ."

ಅವನ ಜೋಕಿಗೆ ನಾನು ನಗದಿದ್ದದ್ದು ಅದೇ ಮೊದಲು.

"ತೆಗೆದ್ರೆ ಉಳೀತೀಯಲ್ಲ?"

"ಉಳೀಬಹುದು ಅಂತಾರೆ."

"ಅದಕ್ಕೇ ನನ್ನ ಕಡೆ ನೋಡೋದು ಬಿಟ್ಟೆ."

"ನೀನೂ ಬೇರೆ ಕಡೆ ನೋಡ್ಕೋ. ಮಾತು ಬರದೋನ ಜೊತೆ ಏನ್ ಸಂಸಾರ ಮಾಡ್ತೀಯ?"

ನನಗೆ ಮೈಯೆಲ್ಲ ಉರಿಯಿತು. "ಇಷ್ಟು ವರ್ಷ ಯಾವ ಬಾಯಲ್ಲಿ ಮಾತಾಡಿದ್ಯೋ? ಕೈ ತಾನೇ? ಕೈ ಕಿತ್ಕೊಳ್ತಾರಾ?"

"ಅದು ಮೆಷಿನ್ ಮುಂದೆ ಆಯ್ತು. ಮನೇಲಿ ದೀಪ ಆರಿಸಿದ್ಮೇಲೆ ನನ್ನ ಕೈ ಕಾಣ್ಸುತ್ತಾ ನಿನಗೆ?"

ದೀಪ ಆರಿಸಿದ ಮೇಲಿನ ಮಾತನ್ನೂ ಅವನು ಯೋಚಿಸಿಟ್ಟಿದ್ದ. ನನಗೆ ಅಳು ಬಂತು.

"ಆರಿಸೋದೇ ಬೇಡ," ಎಂದೆ.

"ಕರೆಂಟ್ ಬಿಲ್ ನಿಮ್ಮಮ್ಮ ಕಟ್ತಾರಾ?"

ಇಬ್ಬರೂ ನಗಲು ಹೋದೆವು, ಆಗಲಿಲ್ಲ. ಅವನ ಕಣ್ಣೂ ತುಂಬಿತ್ತು.

"ಹಾಗಾದ್ರೆ ಧ್ವನಿ ಇರೋವಾಗ್ಲೇ ಆ ಮಾತು ಹೇಳಿಬಿಡು," ಎಂದೆ. ಯಾವ ಮಾತು ಎಂದು ಅವನು ಕೇಳಲಿಲ್ಲ.

"ಹೇಳಿ ಸತ್ತುಹೋದ್ರೆ ಜೀವನಪೂರ್ತಿ ಅದನ್ನ ಹೊತ್ಕೊಂಡು ತಿರುಗ್ತೀಯ. ನಿನ್ನ ಹಟ ನನಗೆ ಗೊತ್ತು." ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡು ಹೊರಟುಹೋದ.

ಶೂಟಿಂಗ್ ದಿನ ನನಗೆ ಗಾಜಿನ ಸಾಮಾನಿನ ಬಾಕ್ಸ್ ತೊಡಿಸಿದರು. ತಲೆ, ಕೈಕಾಲು ಮಾತ್ರ ಹೊರಗೆ. ಎದೆಯ ಮೇಲೆ ಕೆಂಪು ಬಣ್ಣದ ಗಾಜಿನ ಲೋಟದ ಚಿತ್ರ. ನನ್ನನ್ನು ಟ್ರಾಲಿಯಿಂದ ಎತ್ತಿ ಮೆತ್ತಗೆ ಇಳಿಸುವುದು ಅವನ ಪಾತ್ರ. ನೈಜವಾಗಿ ಕಾಣಲೆಂದು ಮೆಷಿನ್ನುಗಳನ್ನು ಓಡಿಸಿದರು. ಪ್ಲಗ್ ಸಿಕ್ಕಿಸಿಕೊಂಡ ಮೇಲೆ ಯಾರಿಗೂ ಏನೂ ಕೇಳಿಸುತ್ತಿರಲಿಲ್ಲ. ಸಣ್ಣ ಮೇಡಂ ದೂರದಿಂದ ಬೆರಳಲ್ಲಿ ತಾಳ ತೋರಿಸುತ್ತಿದ್ದರು. ಹಿಂದೆ ಅಕೌಂಟ್ಸ್ ಸರ್ ಫ್ರಿಜ್ಜಿನ ಬಾಕ್ಸಿನಲ್ಲಿ ತಪ್ಪು ಹೆಜ್ಜೆ ಹಾಕುತ್ತಿದ್ದರು.

ಅವನು ಬಂದು ಬಾಕ್ಸನ್ನು ತಬ್ಬಿ ಹಿಡಿದ. ಎಷ್ಟೋ ದಿನಗಳ ಮೇಲೆ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಕೆನ್ನೆ ಒಳಗೆ ಹೋಗಿತ್ತು, ರೆಪ್ಪೆಯ ಮೇಲೆ ಕಾಗದದ ಧೂಳು ಕೂತಿತ್ತು. ಎತ್ತಿದ. ಇಳಿಸುವ ಮುಂಚೆ ಅವನ ತುಟಿ ಅಲುಗಿತು. ಹಾಡಿನ ಸಾಲಲ್ಲ. ಕತ್ತಿನ ನರ ಉಬ್ಬಿದ್ದರಿಂದ ಅವನು ಇದ್ದ ಧ್ವನಿಯನ್ನೆಲ್ಲ ಹಾಕಿ ಕೂಗುತ್ತಿದ್ದಾನೆ ಎಂದು ತಿಳಿಯಿತು.

ನೀನು ನನಗೆ ಬೇಕು.

ನಾನು ಒಂದು ಪ್ಲಗ್ ಕಿತ್ತು, ಇನ್ನೊಮ್ಮೆ ಎಂದು ಬೆರಳು ತೋರಿಸಿದೆ. ಮೆಷಿನ್ನಿನ ಸದ್ದು ಕಿವಿಗೆ ನುಗ್ಗಿತು. ಅವನು ಇಲ್ಲವೆಂದು ತಲೆ ಅಲ್ಲಾಡಿಸಿ, ಗಾಜನ್ನು ಇಳಿಸುವಷ್ಟೇ ಮೆತ್ತಗೆ ನನ್ನನ್ನು ನೆಲಕ್ಕಿಳಿಸಿದ. ವಿಡಿಯೊದಲ್ಲಿ ಈಗ ಆ ಜಾಗದಲ್ಲಿ ಹಾಡು ಅಂಟಿಸಿದ್ದಾರೆ. ಅವನ ತುಟಿಗೂ ಸಾಲಿಗೂ ಹೊಂದುವುದಿಲ್ಲ. ನೋಡಿದವರು ಅದಕ್ಕೂ ನಗುತ್ತಾರೆ.

ಆಪರೇಷನ್ ಆದ ಮೇಲೆ ಆಸ್ಪತ್ರೆಗೆ ಹೋದೆ. ವಾರ್ಡಿನ ಬಾಗಿಲಲ್ಲೇ ಅವನ ಅಕ್ಕ ನನ್ನ ಕೈ ಹಿಡಿದುಕೊಂಡರು.

"ಕತ್ತಿನ ಪಕ್ಕದ ಗಂಟುಗಳಿಗೂ ಹರಡಿದೆಯಂತಮ್ಮ. ಕರೆಂಟ್ ಕೊಡಬೇಕಂತೆ, ಅದೇ ರೇಡಿಯೇಷನ್ನು. ಏನೂ ಗ್ಯಾರಂಟಿ ಇಲ್ಲ ಅಂದ್ರು. ಅವನಿಗೂ ಹೇಳಿದ್ದಾರೆ."

ಅವನ ಕತ್ತಿನ ತೂತಿಗೆ ಒಂದು ಸಣ್ಣ ನಳಿಕೆ ಇಟ್ಟಿದ್ದರು. ಉಸಿರು ಅಲ್ಲಿಂದಲೇ ಓಡಾಡುತ್ತಿತ್ತು. ಪಕ್ಕದ ಹಾಸಿಗೆಯ ಮುದುಕರು ಮೊಮ್ಮಗಳ ಫೋನಿನಲ್ಲಿ ನಮ್ಮ ವಿಡಿಯೊ ನೋಡುತ್ತಿದ್ದರು. ಹಾಡಿದವನು ಪಕ್ಕದಲ್ಲೇ ಮಲಗಿದ್ದಾನೆಂದು ಅವರಿಗೆ ಗೊತ್ತಿರಲಿಲ್ಲ. "ಯಾವನಪ್ಪ ಇವನು, ಕಪ್ಪೆ ನುಂಗಿದ್ದಾನೆ," ಎಂದು ಕೆಮ್ಮುತ್ತ ನಕ್ಕರು. ಮೆತ್ತಗೆ ಇಳಿಸೋ ಮಹಾರಾಯ ಎಂದಿತು ಫೋನು. ಈ ಭೂಮಿಯ ಮೇಲೆ ಅವನ ಧ್ವನಿ ಎಂದು ಉಳಿದದ್ದು ಅಷ್ಟೇ.

ರೇಡಿಯೊ ನಕ್ಕ. ಭುಜ ಕುಲುಕಿತು, ನಳಿಕೆಯಿಂದ ಗಾಳಿ ಬಂತು, ಸದ್ದಿಲ್ಲ. ಆಮೇಲೆ ನನ್ನನ್ನು ನೋಡಿ ಬಾಗಿಲ ಕಡೆ ಕೈ ತೋರಿಸಿದ. ಹೋಗು. ಮತ್ತೆ ತೋರಿಸಿದ. ಹೋಗು ಅಂದೆನಲ್ಲ.

ನಾನು ನನ್ನ ಎದೆಯ ಮೇಲೆ ಅಂಗೈ ಇಟ್ಟೆ.

ಅವನು ಆ ಕೈಯನ್ನೇ ಬಹಳ ಹೊತ್ತು ನೋಡಿದ. ಅವನ ಕಣ್ಣಿನ ನೀರು ಕಿವಿಯ ಕಡೆಗೆ ಇಳಿಯಿತು. ನಾನು ಸ್ಟೂಲ್ ಎಳೆದುಕೊಂಡು ಕೂತೆ. ಆಗ ಅವನ ತುಟಿ ನಿಧಾನವಾಗಿ ಅಲುಗಿತು.

ನೀನು ನನಗೆ ಬೇಕು.

ಅವತ್ತು ಮೆಷಿನ್ನಿನ ಸದ್ದಿನಲ್ಲಿ ಎಷ್ಟು ಕೇಳಿಸಿತ್ತೋ ಇವತ್ತೂ ಅಷ್ಟೇ ಕೇಳಿಸಿತು.