ಬಲಗಿವಿಯಲ್ಲಿದ್ದವನು

ಮೊದಲ ದಿನ, ಮೊದಲ ಓವರಿನಲ್ಲೇ ಅವನು ನನ್ನ ಬಾಯಿ ಮುಚ್ಚಿಸಿದ.

ಪರದೆಯ ಮೇಲೆ ಉಗಾಂಡಾದ ಬೌಲರ್ ಇನ್ನೂ ತನ್ನ ಗುರುತಿನ ಕಡೆಗೆ ನಡೆದು ಹೋಗುತ್ತಿದ್ದಳು. ಆದರೆ ನನ್ನ ಹೆಡ್‌ಫೋನಿನ ಎಡಗಿವಿಯಲ್ಲಿ ಸ್ಟಂಪ್ ಉರುಳಿದ ಸದ್ದು, ಹುಡುಗಿಯರ ಕೇಕೆ, ಚಪ್ಪಾಳೆ ಎಲ್ಲ ಆಗಲೇ ಕೇಳಿಸಿಬಿಟ್ಟಿತು. ಇನ್ನೂ ಎಸೆಯದ ಚೆಂಡಿಗೆ ಔಟಾದ ಸದ್ದು! ಮೈ ಜುಮ್ಮೆಂದಿತು. ಆದರೂ ಏನೋ ಹೇಳಲು ಬಾಯಿ ತೆರೆದೆ.

"ಶ್... ಈಗ ಬೇಡ," ಎಂದಿತು ಬಲಗಿವಿಯಲ್ಲೊಂದು ಗಂಡುದನಿ. "ಸದ್ದು ಮೊದಲು ಬರ್ತದೆ, ಚಿತ್ರ ಆಮೇಲೆ. ಕೇಳಿದ್ದನ್ನು ಹೇಳ್ಬೇಡಿ. ಕಂಡದ್ದನ್ನು ಮಾತ್ರ ಹೇಳಿ."

ಬೌಲರ್ ತಿರುಗಿದಳು, ಓಡಿ ಬಂದಳು, ಸ್ಟಂಪ್ ಉರುಳಿತು. "ಹಾಂ, ಈಗ," ಎಂದಿತು ದನಿ. ನಾನು ಆಗ ತಾನೇ ಕಂಡವಳ ಹಾಗೆ ಇಂಗ್ಲಿಷಿನಲ್ಲಿ ಕೂಗಿಕೊಂಡೆ.

ಓವರ್ ಮುಗಿದದ್ದೇ ಮೈಕ್ ಆಫ್ ಮಾಡಿ ರೇಗಿದೆ. "ಯಾರ್ರೀ ನೀವು? ಇದನ್ನ ಮೊದಲೇ ಹೇಳೋಕೆ ಏನಾಗಿತ್ತು?"

"ಸೌಂಡ್ ನೋಡುವವ. ಹೇಳುವಷ್ಟರಲ್ಲಿ ನೀವು ಬಾಯಿ ತೆರೆದಾಗಿತ್ತಲ್ಲ ಮಾರಾಯ್ರೆ."

ಕರಾವಳಿಯ ಕನ್ನಡ. ಅದರಲ್ಲೂ ಆ 'ಮಾರಾಯ್ರೆ'. ನನ್ನ ಸಿಟ್ಟು ಅರ್ಧಕ್ಕೇ ನಿಂತಿತು.

ನಾನು ಶ್ರಾವಣಿ. ಇಲ್ಲಿ ಕುವೈತಿನ ಒಂದು ಇಂಡಿಯನ್ ಸ್ಕೂಲಿನಲ್ಲಿ ಆಟದ ಟೀಚರ್. ಅಪ್ಪ ಲಕ್ಷ್ಮೀನರಸಿಂಹ ಮೀನಾ ಅಲ್ ಅಹ್ಮದಿಯ ತೈಲ ರಿಫೈನರಿಯಲ್ಲಿ ಎಂಜಿನಿಯರ್. ಮೈಸೂರಿನಲ್ಲಿ ಓದುವಾಗ ಯೂನಿವರ್ಸಿಟಿ ತಂಡಕ್ಕೆ ಆಡಿದ್ದೆ. ಅದು ಹೇಗೋ ಇಲ್ಲಿ ಸ್ಟುಡಿಯೋ ನಡೆಸುವ ಕರಾವಳಿಯ ಬರ್ನಾರ್ಡ್ ಅವರ ಕಿವಿಗೆ ಬಿದ್ದು, ಬೇಸಿಗೆ ರಜೆಯಲ್ಲಿ ನನ್ನನ್ನು ಕಾಮೆಂಟರಿಗೆ ಕರೆದಿದ್ದರು. ಪಂದ್ಯ ನಡೆಯುತ್ತಿದ್ದದ್ದು ದೂರದ ಕಿಗಾಲಿಯಲ್ಲಿ, ಆಫ್ರಿಕಾದ ಮಹಿಳಾ ತಂಡಗಳ ಅರ್ಹತಾ ಟೂರ್ನಿ. ಗೆದ್ದವರು ವಿಶ್ವಕಪ್ಪಿಗೆ ಒಂದು ಮೆಟ್ಟಿಲು ಹತ್ತಿರ. ಅದರ ಲೈವ್ ಚಿತ್ರಕ್ಕೆ ದನಿ ಕೊಡುವ ಕಾಂಟ್ರಾಕ್ಟ್ ಬರ್ನಾರ್ಡ್ ಅವರದು.

ಅವರ ಸ್ಟುಡಿಯೋ ಶುವೈಖ್ ಇಂಡಸ್ಟ್ರಿಯಲ್ ಏರಿಯಾದಲ್ಲಿ, ಟೈರ್ ಅಂಗಡಿಯ ಮೇಲಿತ್ತು. ಗೋಡೆ, ಬಾಗಿಲು, ಸೂರು ಎಲ್ಲಕ್ಕೂ ಹಳೇ ಕಾರ್ಪೆಟ್ ಹೊಡೆದ ಪುಟ್ಟ ಕೋಣೆ. ಅಲ್ಲಿ ಕೆಮ್ಮಿದರೂ ಸದ್ದು ಸತ್ತುಹೋಗುತ್ತಿತ್ತು. ಎದುರಿಗೆ ಪರದೆ, ಪಕ್ಕಕ್ಕೆ ಉದ್ದದ ಕಪ್ಪು ಗಾಜು. ಗಾಜಿನ ಆಚೆ ಸೌಂಡಿನವರ ರೂಮು. ಅವನು ಅಲ್ಲಿರುತ್ತಾನೆಂದೇ ನಾನು ತಿಳಿದೆ. ಯಾರಾದರೂ ಹಾಗೇ ತಿಳಿಯುತ್ತಿದ್ದರು.

ಎರಡನೇ ದಿನ ಕೂತ ತಕ್ಷಣ ದನಿ ಬಂತು. "ಇವತ್ತು ಹಸಿರು ಚೂಡಿದಾರ್."

ಗಾಜಿನ ಕಡೆ ತಿರುಗಿದೆ. ಅಲ್ಲಿ ಕಂಡದ್ದು ನನ್ನದೇ ಮುಖ, ಹಿಂದೆ ಕತ್ತಲೆ. ಹಣೆಗೆ ಬಿದ್ದ ಕೂದಲು ಸರಿಮಾಡಿಕೊಂಡೆ.

"ಹಾಗೇ ಇರ್ಲಿ. ಚೆಂದ ಉಂಟು," ಎಂದು ನಕ್ಕ.

"ನೋಡೋರು ಎದುರಿಗೆ ಬಂದು ನೋಡ್ಬೇಕು ಕಣ್ರೀ. ಕದ್ದು ನೋಡೋದಲ್ಲ."

ಅವನ ನಗು ನಿಂತಿತು. ಆಮೇಲೆ ಮೆಲ್ಲಗೆ, "ಬರಬೇಕಿತ್ತು," ಎಂದ.

ಹೀಗೇ ನಡೆಯಿತು. ಎಡಗಿವಿಯಲ್ಲಿ ಕಿಗಾಲಿ, ಬಲಗಿವಿಯಲ್ಲಿ ಅವನು. "ಈಗ ಬೌಂಡರಿ, ತಯಾರಾಗಿ," ಎನ್ನುತ್ತಿದ್ದ. "ಈಗೊಂದು ಕ್ಯಾಚ್ ಬಿಡ್ತಾಳೆ ಪಾಪ, ಬೈಬೇಡಿ." ಮುಂದಾಗುವುದು ಅವನಿಗೆ ಗೊತ್ತಿರುತ್ತಿತ್ತು, ನನಗೂ ಗೊತ್ತಿರುತ್ತಿತ್ತು, ನೋಡುವ ಜಗತ್ತಿಗೆ ಗೊತ್ತಿರುತ್ತಿರಲಿಲ್ಲ. ಆ ಸ್ವಲ್ಪ ಹೊತ್ತು ನಮ್ಮಿಬ್ಬರದೇ ಆಗಿತ್ತು.

"ನನಗೆ ಮುಂದೇನಾಗುತ್ತೆ ಅಂತಾನೂ ಕೇಳಿಸುತ್ತಾ?" ಎಂದೆ ಒಮ್ಮೆ.

"ಕೇಳ್ತದೆ. ಒಬ್ಬ ಪಾಪದವ ನಿಮ್ಮ ಬಾಯಿಗೆ ಸಿಕ್ಕಿ ಜೀವನ ಪೂರ್ತಿ ಬೈಸಿಕೊಳ್ತಾನೆ."

"ಹೆಸರು?"

"ಯಾರದ್ದು, ಅವನದ್ದಾ?"

"ನಿಮ್ಮದು ಕಣ್ರೀ."

"ಮನೀಷ್. ಮನೀಷ್ ಕೋಟ್ಯಾನ್. ಕಾರ್ಕಳ," ಎಂದ. ಬಹಳ ದಿನ ಮುಚ್ಚಿಟ್ಟ ಡಬ್ಬಿಯ ಮುಚ್ಚಳ ತೆಗೆದಂತಿತ್ತು ಅವನ ಆ ದನಿ.

ಮನೆಯಲ್ಲಿ ಅಡುಗೆಮನೆಯಲ್ಲಿ ನಿಂತಾಗಲೂ ಬಲಗಿವಿ ಏನನ್ನೋ ಕಾಯುತ್ತಿತ್ತು. ಅಮ್ಮ ಆ ಕಡೆಯಿಂದ ಕರೆದರೆ ಬೇಜಾರಾಗುತ್ತಿತ್ತು. ಅಷ್ಟಕ್ಕೆ ನನಗೆ ಗೊತ್ತಾಗಿಹೋಯಿತು, ಇದು ಪ್ರೀತಿಯೇ, ಬೇರೇನಲ್ಲ ಎಂದು.

ಮುಖ ನೋಡದೆ ಪ್ರೀತಿಸುವುದೆಂದರೇನು, ನೋಡಿಯೇ ಬಿಡೋಣ ಎಂದು ಒಂದು ದಿನ ಪಂದ್ಯ ಮುಗಿದದ್ದೇ ಓಡಿ ಹೊರಗೆ ಬಂದು ಆ ರೂಮಿನ ಮುಂದೆ ನಿಂತೆ. ಯಾರೂ ಬರಲಿಲ್ಲ. ಬಾಗಿಲಿಗೆ ಬೀಗ ಜಡಿದಿತ್ತು. ಮುಟ್ಟಿದೆ, ಬೆರಳಿಗೆ ದಪ್ಪಗೆ ಧೂಳು ಅಂಟಿತು.

ಚಹಾದ ಲೋಟ ತೆಗೆದುಕೊಳ್ಳಲು ಬಂದ ಪುತ್ತಬ್ಬ ನನ್ನನ್ನು ಕಂಡು ಅಲ್ಲೇ ನಿಂತರು. ಉಪ್ಪಿನಂಗಡಿಯವರು, ಸ್ಟುಡಿಯೋ ಶುರುವಾದಾಗಿನಿಂದ ಇದ್ದವರು, ಎಲ್ಲರೂ ಗೌರವದಿಂದ ಪುತ್ತಬ್ಬಾಕ ಎನ್ನುತ್ತಿದ್ದರು.

"ಪುತ್ತಬ್ಬಾಕ, ಇದರೊಳಗೆ ಕೂತುಕೊಳ್ಳೋರು ಯಾವ ಕಡೆಯಿಂದ ಹೋಗ್ತಾರೆ?"

"ಅಲ್ಲಿ ಯಾರೂ ಕೂತ್ಕೊಳ್ಳುದಿಲ್ಲ ಟೀಚರೇ." ಅವರು ಬೀಗವನ್ನೊಮ್ಮೆ ಎಳೆದು ನೋಡಿದರು. "ಮೊದಲು ಒಬ್ಬ ಇದ್ದ. ಆ ವಿಷಯ ಬೇಡ. ನೀವು ಮನೆಗೆ ಹೋಗಿ."

ನಾನು ಹೆದರುವವಳಲ್ಲ. ಆದರೂ ಮೆಟ್ಟಿಲಿಳಿಯುವಾಗ ಹಿಂದಕ್ಕೆ ನೋಡಲಿಲ್ಲ. ಬೇರೆ ಬಾಗಿಲಿರಬೇಕು, ಈ ಗಂಡಸರಿಗೆ ಸುಮ್ಮನೆ ನಾಟಕ ಎಂದು ನನ್ನನ್ನೇ ಸಮಾಧಾನಪಡಿಸಿಕೊಂಡೆ.

ಸೆಮಿಫೈನಲ್ ಮುಗಿಯಿತು. ಉಗಾಂಡಾ ಗೆದ್ದಿತು. ಪಂದ್ಯ ಮುಗಿಸುವಾಗ ತೆರೆಮರೆಯಲ್ಲಿ ದುಡಿದವರಿಗೆಲ್ಲ ಥ್ಯಾಂಕ್ಸ್ ಹೇಳುವುದು ಕಾಮೆಂಟರಿಯವರ ಪದ್ಧತಿ. ಸ್ಕೋರರ್‌ಗಳಿಗೆ ಹೇಳಿದೆ, ಕ್ಯಾಮೆರಾದವರಿಗೆ ಹೇಳಿದೆ. ಮನಸ್ಸು ತುಂಬಿತ್ತು. "ಇಲ್ಲಿ ಕುವೈತಿನಲ್ಲಿ ನನ್ನ ಜೊತೆಗಿರುವ ಸೌಂಡ್ ಎಂಜಿನಿಯರ್ ಮನೀಷ್ ಕೋಟ್ಯಾನ್ ಅವರಿಗೆ, ನನ್ನ ಹೃದಯದಿಂದ," ಎಂದೂ ಸೇರಿಸಿದೆ.

ಬಲಗಿವಿಯಲ್ಲಿ ಉಸಿರು ಸಿಕ್ಕಿಕೊಂಡ ಸದ್ದು. ಆಮೇಲೆ ಅದೂ ಇಲ್ಲ.

ಬರ್ನಾರ್ಡ್ ಬಾಗಿಲು ತಳ್ಳಿಕೊಂಡು ಬಂದರು. ಮುಖ ಬಿಳಿಚಿಕೊಂಡಿತ್ತು. "ಎಂತ ಮಾಡಿದ್ದು ನೀನು? ಆ ಹೆಸರು ನಿನಗೆ ಯಾರು ಹೇಳಿದ್ದು?"

"ಅವರೇ. ದಿನಾ ಮಾತಾಡ್ತಾರಲ್ಲ, ಗಾಜಿನ ಆಚೆಯಿಂದ."

"ಅಲ್ಲಿ ಯಾರೂ ಇಲ್ಲ ಶ್ರಾವಣಿ!"

ನಾನು ನಂಬಲಿಲ್ಲವೆಂದು ಬೀಗದ ಕೈ ತಂದು ಆ ರೂಮು ತೆರೆದೇಬಿಟ್ಟರು. ಮುಗ್ಗಲು ವಾಸನೆ. ಮೇಜು, ಮಷೀನು, ಕುರ್ಚಿ ಎಲ್ಲದರ ಮೇಲೂ ಕುವೈತಿನ ಸಣ್ಣ ಹಳದಿ ಮಣ್ಣು ಕೂತಿತ್ತು. ಒಂದೇ ಒಂದು ಬೆರಳ ಗುರುತಿರಲಿಲ್ಲ. ಕುರ್ಚಿ ಬಾಗಿಲ ಕಡೆಗೆ ತಿರುಗಿ ನಿಂತಿತ್ತು, ಯಾರೋ ಅವಸರದಲ್ಲಿ ಎದ್ದು ಹೋದ ಹಾಗೆ. ಅದರ ಕೈಗೆ ಒಂದು ಹಳೇ ಹೆಡ್‌ಫೋನ್ ನೇತಾಡುತ್ತಿತ್ತು.

ಹಾಗಾದರೆ ನನ್ನ ಚೂಡಿದಾರಿನ ಬಣ್ಣ ಹೇಳಿದವನು ಯಾರು?

"ಮನೆಗೆ ಹೋಗು. ಈ ವಿಷಯ ಖಲಾಸ್," ಎಂದರು ಬರ್ನಾರ್ಡ್.

ಆ ದಿನ ಊಟ ಸೇರಲಿಲ್ಲ. ಅಮ್ಮ ದೃಷ್ಟಿಯಾಗಿದೆ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿದರು. ನಾನು ಬೇಡವೆನ್ನಲಿಲ್ಲ. ಭಯಕ್ಕಿಂತ ದೊಡ್ಡದಾಗಿ ನನ್ನನ್ನು ತಿನ್ನುತ್ತಿದ್ದದ್ದು ಬೇರೆ. ಅವನು ಸತ್ತವನಾದರೆ ಅವನನ್ನು ನಾನು ಎಂದಿಗೂ ನೋಡುವಂತಿಲ್ಲವಲ್ಲ ಎಂಬ ಸಂಕಟ. ದೆವ್ವವೇ ಆಗಲಿ, ಇನ್ನೊಂದು ಸಲ ಮಾತಾಡಲಿ ಎಂದು ದೇವರಿಗೆ ಹರಕೆ ಹೊತ್ತೆ. ಇಂಥ ಹರಕೆ ಹೊತ್ತವಳು ಲೋಕದಲ್ಲಿ ನಾನೊಬ್ಬಳೇ ಇರಬೇಕು.

ಫೈನಲ್ ದಿನ ಬೆಳಿಗ್ಗೆ ಧೂಳಿನ ಗಾಳಿ ಎದ್ದಿತು. ಆಕಾಶ ಕೆಂಪು ಮಣ್ಣಿನ ಬಣ್ಣಕ್ಕೆ ತಿರುಗಿ, ಹಗಲಲ್ಲೇ ಕಾರುಗಳು ದೀಪ ಹಾಕಿಕೊಂಡು ತೆವಳುತ್ತಿದ್ದವು. ಹೋಗಬೇಡ ಎಂದರು ಅಮ್ಮ. ಹೋದೆ. ಹೆಡ್‌ಫೋನ್ ಹಾಕಿಕೊಂಡೆ.

"ಹೆದರಿದ್ರಾ?" ಎಂದಿತು ಬಲಗಿವಿ.

ಕಣ್ಣಲ್ಲಿ ನೀರು ಬಂತು. "ನೀವು... ಇದ್ದೀರೋ ಇಲ್ವೋ, ಒಂದು ಹೇಳಿ ಮೊದಲು."

"ಇದ್ದೇನೆ ಮಾರಾಯ್ರೆ, ಸತ್ತಿಲ್ಲ. ಇದೇ ಊರಿನ ಮೈದಾನ್ ಹವಲ್ಲಿಯ ಒಂದು ರೂಮಲ್ಲಿ ಕೂತು ಇಂಟರ್‌ನೆಟ್ಟಲ್ಲೇ ಕೆಲಸ ಮಾಡುದು. ನಿಮ್ಮ ಪರದೆಯ ಮೇಲೆ ಸಣ್ಣ ಕ್ಯಾಮೆರಾ ಉಂಟಲ್ಲ, ಅದರಲ್ಲಿ ನೋಡುದು."

ನೆಟ್ಟಗೆ ಅದನ್ನೇ ದುರುಗುಟ್ಟಿದೆ. ಅವನು ನಿಧಾನವಾಗಿ ಹೇಳಿದ. ಮೊದಲಿನ ಕಫೀಲ್, ಅಂದರೆ ವೀಸಾ ಕೊಟ್ಟು ಕರೆಸಿಕೊಂಡ ಧಣಿ, ಸಂಬಳ ಕೊಡದೆ, ಪಾಸ್‌ಪೋರ್ಟೂ ಕೊಡದೆ ಸತಾಯಿಸಿದ್ದ. ಕೆಲಸ ಬಿಟ್ಟು ಬಂದದ್ದಕ್ಕೆ ಓಡಿಹೋದವನೆಂದು ಕೇಸು ಹಾಕಿದ. ಈ ದೇಶದಲ್ಲಿರಲು ಬೇಕಾದ ಪರವಾನಗಿ, ಇಕಾಮಾ, ಹೋಯಿತು. ಬರ್ನಾರ್ಡ್ ಈ ಗಾಜಿನ ಹಿಂದೆ ಜಾಗ ಕೊಟ್ಟರು. ಒಂದು ದಿನ ಶುವೈಖಿನಲ್ಲಿ ಪೊಲೀಸ್ ಚೆಕಿಂಗ್ ಬಂದಾಗ ಹಿಂದಿನ ಮೆಟ್ಟಿಲಿಂದ ಇಳಿದು ಓಡಿದವನು ಮತ್ತೆ ಹೊರಗೆ ಕಾಲಿಟ್ಟಿಲ್ಲ. ಎರಡು ವರ್ಷವಾಗಿತ್ತು. ಅವನಿದ್ದಾನೆಂದು ಹೊರಗೆ ತಿಳಿದರೆ ಅವನಿಗೂ ಆಪತ್ತು, ಬರ್ನಾರ್ಡಿಗೂ ಆಪತ್ತು. ಅದಕ್ಕೇ ಕೇಳಿದವರಿಗೆಲ್ಲ ಅಲ್ಲಿ ಯಾರೂ ಇಲ್ಲ ಎಂಬ ಉತ್ತರ.

"ಅಯ್ಯೋ! ಮತ್ತೆ ನಾನು ಊರಿಗೆಲ್ಲ ಸಾರಿಬಿಟ್ಟೆನಲ್ರೀ. ಯಾರಾದ್ರೂ ಕೇಳಿಸ್ಕೊಂಡಿದ್ರೆ?"

"ಕೇಳಿಸ್ಕೊಳ್ಳಲಿ. ಎರಡು ವರ್ಷ ಆಯ್ತು, ನನ್ನ ಹೆಸರು ಜೋರಾಗಿ ಯಾರೂ ಹೇಳಿರ್ಲಿಲ್ಲ. ರೂಮಿನವರೂ ಮೆಲ್ಲಗೆ ಕರೆಯುದು. ಮೊನ್ನೆ ನೀವು ಹೇಳಿದ್ರಲ್ಲ, ಕೂತು ಅತ್ತೆ ಗೊತ್ತುಂಟಾ? ಇನ್ನು ಅಡಗಿ ಕೂತ್ಕೊಳ್ಳಿಕ್ಕೆ ನನ್ನಿಂದ ಆಗುದಿಲ್ಲ."

"ಅಂದ್ರೆ?"

"ಮ್ಯಾಚ್ ಶುರುವಾಯ್ತು. ಮೈಕ್ ಹಾಕಿ."

ಮೊದಲ ಇನಿಂಗ್ಸ್ ಉದ್ದಕ್ಕೂ ಜೊತೆಗಿದ್ದ. ಉಗಾಂಡಾ ಆಡಿ ಮುಗಿಸಿತು. ಟಾಂಜಾನಿಯಾ ಇಳಿಯುವ ಮೊದಲು, "ಇನ್ನು ಬರ್ನಾರ್ಡ್ ಅವರು ನೋಡ್ಕೊಳ್ತಾರೆ," ಎಂದ. ಬಲಗಿವಿ ಖಾಲಿಯಾಯಿತು.

ಆ ಇನಿಂಗ್ಸಿನಲ್ಲಿ ನಾನೇನು ಮಾತಾಡಿದೆನೋ ನೆನಪಿಲ್ಲ. ಎಡಗಿವಿಯಲ್ಲಿ ಆಗಿಹೋದ ಕೂಗು, ಕಣ್ಣೆದುರು ಇನ್ನೂ ಆಗದ ಆಟ. ಹೊರಗೆ ಗಾಳಿ ತಗಡುಗಳನ್ನು ಬಡಿಯುತ್ತಿತ್ತು. ಅವನನ್ನು ಪೊಲೀಸರು ಹಿಡಿದುಕೊಂಡು ಹೋದರೇನೋ ಎಂದು ಮತ್ತೆ ಮತ್ತೆ ಬಾಗಿಲ ಕಡೆ ನೋಡುತ್ತಿದ್ದೆ.

ಕೊನೆಯ ಓವರ್. ಟಾಂಜಾನಿಯಾಕ್ಕೆ ಒಂದು ಬೌಂಡರಿ ಸಾಕು, ಉಗಾಂಡಾಕ್ಕೆ ಒಂದು ವಿಕೆಟ್ ಸಾಕು. ಆಫ್ ಸ್ಪಿನ್ನರ್ ನಕಾಟೊ ಚೆಂಡನ್ನು ಪ್ಯಾಂಟಿಗೆ ಉಜ್ಜುತ್ತ ನಿಂತಿದ್ದಳು. ಆಗ ಕಪ್ಪು ಗಾಜಿನ ಆಚೆ ದೀಪ ಹತ್ತಿತು.

ಅಲ್ಲೊಬ್ಬ ನಿಂತಿದ್ದ. ತಲೆಯಿಂದ ಕಾಲಿನವರೆಗೆ ಬೂದು ಬಣ್ಣ. ಕೂದಲು ಬೂದು, ರೆಪ್ಪೆ ಬೂದು, ಅಂಗಿ ಬೂದು. ಎರಡು ಕಣ್ಣು ಮಾತ್ರ ಒದ್ದೆಯಾಗಿ ನನ್ನನ್ನೇ ನೋಡುತ್ತಿದ್ದವು. ಸುಳ್ಳೇಕೆ ಹೇಳಲಿ, ಮೊದಲು ನಾನು ಕುರ್ಚಿಯಿಂದ ಅರ್ಧ ಎದ್ದು ಅವನ ಪಾದ ನೋಡಿದೆ. ಹಿಂದುಮುಂದಾಗಿರಲಿಲ್ಲ. ನೆಟ್ಟಗೆ, ನನ್ನ ಕಡೆಗೇ ಇದ್ದವು.

ಪರದೆಯಲ್ಲಿ ಏನಾಯಿತೋ ನಾನು ನೋಡಲಿಲ್ಲ. ಜಗತ್ತಿಗೆಲ್ಲ ಕೇಳಿಸುತ್ತಿದ್ದದ್ದು ನನ್ನ ಉಸಿರು ಮಾತ್ರ.

ಅವನು ಹೆಡ್‌ಫೋನ್ ಎತ್ತಿ, ಧೂಳು ಊದಿ, ಹಾಕಿಕೊಂಡ. "ವಿಕೆಟ್ ಬಿತ್ತು ಮಾರಾಯ್ರೆ. ಉಗಾಂಡಾ ಗೆದ್ದಾಯ್ತು. ಹೇಳಿ."

ಹೇಳಿದೆ, ಅಳುತ್ತ ಹೇಳಿದೆ. ಎಷ್ಟು ಭಾವುಕ ಕಾಮೆಂಟರಿ ಎಂದು ಆಮೇಲೆ ಬಹಳ ಜನ ಹೊಗಳಿ ಬರೆದಿದ್ದರಂತೆ.

ಧೂಳಿನಲ್ಲಿ ಯಾರೂ ಯಾರನ್ನೂ ನಿಲ್ಲಿಸಿ ಕೇಳುವುದಿಲ್ಲವೆಂದು ಹವಲ್ಲಿಯಿಂದ ನಡೆದೇ ಬಂದಿದ್ದ. ರೂಮಿನ ಬೀಗ ತೆಗೆದುಕೊಟ್ಟಿದ್ದ ಪುತ್ತಬ್ಬ ಅವನ ತಲೆ ಸವರಿ ಚಹಾ ಕೊಟ್ಟರು. ಬರ್ನಾರ್ಡ್ ಬೈಯುತ್ತಲೇ ಅಪ್ಪಿಕೊಂಡರು.

"ನಾಳೆ ಇಮಿಗ್ರೇಶನ್ ಆಫೀಸಿಗೆ ಹೋಗಿ ಒಪ್ಪಿಸ್ಕೊಳ್ತೇನೆ," ಎಂದ ಮನೀಷ್. "ಬೆರಳಚ್ಚು ತೆಗೆದು ಊರಿಗೆ ಕಳಿಸ್ತಾರೆ. ಮತ್ತೆ ಈ ದೇಶಕ್ಕೆ ಬರ್ಲಿಕ್ಕಿಲ್ಲ. ಹೋಗುವ ಮೊದಲು ನಿಮ್ಮನ್ನು ಒಮ್ಮೆ ಎದುರಿಗೆ ನೋಡ್ಬೇಕಿತ್ತು. ನೋಡಿದೆ, ಸಾಕು."

ಅವನಿಗೆ ಸಾಕಾಗಿರಬಹುದು, ನನಗೆ ಸಾಕಾಗಿರಲಿಲ್ಲ. ಅಪ್ಪನಿಗೆ ಎಲ್ಲ ಹೇಳಿ ಕಾರಿನ ಕೀ ಕೇಳಿದೆ. ಅಪ್ಪ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. "ಹುಡುಗ ದೆವ್ವ ಅಲ್ಲ ತಾನೆ? ಅಷ್ಟು ಗ್ಯಾರಂಟಿ ಮಾಡ್ಕೊಂಡ್ಯಾ?" ಎಂದು ಕೀ ಕೊಟ್ಟರು.

ಮರುದಿನ ಗಾಳಿ ನಿಂತಿತ್ತು. ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ನನ್ನ ಪಕ್ಕ ಕೂತಿದ್ದ. ಎಡಗೆನ್ನೆಯಲ್ಲಿ ಸಣ್ಣ ಗುಳಿ ಬೀಳುತ್ತದೆಂದು ಆಗ ಗೊತ್ತಾಯಿತು. ದಾರಿಯಿಡೀ ಕದ್ದು ಕದ್ದು ನೋಡಿದವಳು ಈ ಸಲ ನಾನೇ.

ಆಫೀಸಿನ ಗೇಟಿನಲ್ಲಿ ಅಧಿಕಾರಿ ಅವನ ಮಾತು ಕೇಳಿಸಿಕೊಂಡು ನನ್ನ ಕಡೆ ತಿರುಗಿದ. ಅರಬ್ಬಿಯಲ್ಲಿ, ಇವನು ನಿನಗೇನಾಗಬೇಕು ಎಂದು ಕೇಳಿದ. ಸಂಬಂಧವಿಲ್ಲದವರು ಹೊರಗೇ ನಿಲ್ಲಬೇಕಂತೆ.

"ಖತೀಬಿ," ಎಂದೆ. ನಾನು ಮದುವೆಯಾಗುವ ಹುಡುಗ ಎಂದರ್ಥ.

ಎರಡು ವರ್ಷ ಕುವೈತಿನಲ್ಲಿ ಕಿವಿಯನ್ನೇ ನಂಬಿ ಬದುಕಿದವನಿಗೆ ಆ ಮಾತು ಅರ್ಥವಾಗದೆ ಇರುತ್ತದೆಯೇ? ಬೆಚ್ಚಿಬಿದ್ದು ನನ್ನ ಕಡೆ ನೋಡಿದ. "ಇದು ಯಾವಾಗ ಆದದ್ದು?"

"ಈಗ. ಬೇಡ ಅಂದ್ರೆ ಹೇಳ್ಬಿಡಿ, ತಪ್ಪಾಯ್ತು ಅಂತೀನಿ ಅವರಿಗೆ. ಈ ದೇಶಕ್ಕೆ ಬರೋಕಾಗದೆ ಇರೋದು ನಿಮಗೆ. ಕಾರ್ಕಳಕ್ಕೆ ಬರೋಕೆ ನನಗೆ ಯಾರ ವೀಸಾನೂ ಬೇಕಿಲ್ಲ."

ಅವನು ಬೇಡವೆನ್ನಲಿಲ್ಲ, ನನ್ನ ಕೈ ಹಿಡಿದುಕೊಂಡ. ಅಧಿಕಾರಿ ನಮ್ಮಿಬ್ಬರನ್ನೂ ನೋಡಿ, ಐದು ನಿಮಿಷ ಎಂದು ಕೈ ತೋರಿಸಿ, ಬೆಂಚಿನ ಕಡೆ ಕಳಿಸಿ ಬೇರೆ ಕಡೆಗೆ ತಿರುಗಿಕೊಂಡ.

ಕೂತೆವು. ಅವನ ಕೈ ನನ್ನ ಕೈಯಲ್ಲಿತ್ತು, ಬೆಚ್ಚಗಿತ್ತು. ಅವನು ಗಂಭೀರವಾಗಿ ಕೇಳಿದ.

"ನಿಮ್ಮ ಮನೆಯಲ್ಲಿ ಮೀನು ತಿಂತಾರಾ?"

"ಇಲ್ಲ. ಅಮ್ಮನಿಗೆ ವಾಸನೆಯೂ ಆಗಲ್ಲ."

ಕಾರ್ಕಳದ ಆ ಮನುಷ್ಯ ಕಣ್ಣು ಮುಚ್ಚಿ ಒಂದು ದೊಡ್ಡ ಉಸಿರು ಬಿಟ್ಟ.

"ಹಾಗಾದ್ರೆ ಮೀನು ಬಿಟ್ಟೆ," ಎಂದ.