ಉಣ್ಣದೇ ಬಂದ ಚರಗ

ಎಳ್ಳು ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಅಡುಗೆಯ ಚೂರು ತೂರಿ ಭೂಮಿತಾಯಿಗೆ ಚರಗ ಚೆಲ್ಲುವುದು, ಆಮೇಲೆ ಅಲ್ಲೇ ಕೂತು ಎಲ್ಲರೂ ಉಣ್ಣುವುದು ನಮ್ಮ ನವಲಗುಂದ ಎರೆಸೀಮೆಯ ಪದ್ಧತಿ. ಪುಣೆಗೆ ಬಂದಮೇಲೆ ಅದು ಅತ್ತೆಯ ಬಾಯಲ್ಲಷ್ಟೇ ಉಳಿದಿತ್ತು. ಈ ವರ್ಷ ನನಗೇ ಆಸೆಯಾಗಿ, ಅತ್ತೆಯನ್ನು ಮನೆಯಲ್ಲಿ ಬಿಟ್ಟು, ನಾನೂ ನನ್ನ ಗಂಡ ಮಧುಕರರೂ ಭೋರ್ ದಾರಿಯ ಹುಲ್ಲುಬಯಲಿಗೆ ಹೋದೆವು. ಬಯಲು ಕಾಯುವ ಏಕನಾಥ ನನ್ನ ಫೋನ್ ನಂಬರ್ ತಗೊಂಡು ಒಳಗೆ ಬಿಟ್ಟ.

ಮಟಮಟ ಮಧ್ಯಾಹ್ನ. ನಮ್ಮವರು ಸಜ್ಜೆರೊಟ್ಟಿಯ ಚೂರು ತೂರುತ್ತ "ಹುಲ್ಲುಲ್ಲಿಗೋ" ಎಂದು ಕೂಗಿದರು. ಹಿಂದೆ ಬರುವವರು "ಸಲಾಂಬ್ರಿಗೋ" ಅನ್ನಬೇಕು. ನಾನು ಬಾಯಿ ತೆರೆಯುವ ಮೊದಲೇ ನನ್ನ ಬೆನ್ನ ಹಿಂದಿನಿಂದ ಯಾರೋ ಹಾಗಂದರು. ಮುದಿ ದನಿ, ನಮ್ಮ ಕಡೆಯದೇ ಎಳೆತ. ತಿರುಗಿದರೆ ಬರೀ ಹುಲ್ಲು. ಗಾಳಿಯೇ ಇರಲಿಲ್ಲ, ಆದರೂ ಒಲೆ ಊದಿದಂಥ ಬಿಸಿ ಉಸಿರು ಕತ್ತಿಗೆ ತಾಕಿತು.

ನಮ್ಮವರು ಮತ್ತೆ ಕೂಗಲಿಲ್ಲ. ಉತ್ತರ ಮಾತ್ರ ಬರುತ್ತಲೇ ಇತ್ತು, ಪ್ರತಿ ಸಲವೂ ಇನ್ನಷ್ಟು ಹತ್ತಿರದಿಂದ.

"ಬುತ್ತಿ ಬಿಚ್ಚಬ್ಯಾಡ, ನಡಿ," ಅಂದರು ನಮ್ಮವರು.

"ಚರಗ ಚೆಲ್ಲಿ ಉಣ್ಣದ ಹೋಗಬಾರದ್ರಿ," ಎಂದೆ. ಅನ್ನುತ್ತಲೇ ಅವರಿಗಿಂತ ಮುಂದೆ ಓಡಿ ಕಾರು ಹತ್ತಿದೆ.

ಪುಣೆಯಂಚಿನ ಕಾತ್ರಜ ಮುಟ್ಟುವಷ್ಟರಲ್ಲಿ ಏಕನಾಥನ ಫೋನ್ ಬಂತು. ಮರಾಠಿಯಲ್ಲಿ ಬೈದ: "ಎಂಥಾ ಮಂದಿ ನೀವು? ನಿಮ್ಮ ಅಜ್ಜಿಯನ್ನು ಬಯಲಲ್ಲೇ ಬಿಟ್ಟು ಹೋದಿರಲ್ಲ!"

ನಾವು ಇಬ್ಬರೇ ಬಂದಿದ್ದೆವು ಅಂದೆ.

"ನಾನು ನನ್ನ ಬುತ್ತಿಯ ಭಾಕರಿ ಕೊಟ್ಟರೂ ಮುಟ್ಟವಲ್ಲರು. ನೀವು ಹೋದ ದಾರಿಯನ್ನೇ ನೋಡುತ್ತ ಒಂದೇ ಮಾತು ಅನ್ನುತ್ತಿದ್ದಾರೆ," ಎಂದು, ತನಗೆ ಅರ್ಥವಾಗದ ಆ ಮಾತನ್ನು ತಡವರಿಸಿ ನನಗೆ ಹೇಳಿದ: "ಉಣ್ಣಾಕ... ಬರ್ರಿ. ಇದು ನಿಮ್ಮ ಭಾಷೆಯೇ ಅಲ್ಲವೇ, ತಾಯಿ?"

ಬುತ್ತಿಗಂಟು ನನ್ನ ತೊಡೆಯ ಮೇಲೆ ಇನ್ನೂ ಬೆಚ್ಚಗಿತ್ತು.

ಅಲ್ಲ ಅಂದೆ.