ಒಬ್ಬರೇ ಇದ್ದರೆ ಸೊನ್ನೆ

ಬೂದೆಪ್ಪನ ಎರಡೂ ಕೈ ನನ್ನ ಕಾಲರ್ ಮೇಲಿದ್ದವು. ಬೆನ್ನಿಗೆ ಆಸ್ಪತ್ರೆಯ ಗೋಡೆ.

"ಕಂಪ್ಯೂಟರಿನವ ನೀನೇ ಏನಲೇ? ಮಗಳು ಒಳಗ ಸಾಯಾಕತ್ತಾಳ... ರಕ್ತ ಕೊಡೋರು ಯಾರೂ ಇಲ್ಲಂತದ ನಿನ್ನ ಡಬ್ಬಿ!"

"ಕಾಲರ್ ಬಿಡ್ರಿ ಯಪ್ಪಾ. ಉಸಿರಿದ್ರ ಹುಡುಕ್ತೀನಿ."

ಬಿಟ್ಟ.

ನಾನು ಶಕೀಲ್. ರಾಯಚೂರಿನ ಆಸ್ಪತ್ರೆಗಳಲ್ಲಿ ಮೊಂಡುಬಿದ್ದ ಕಂಪ್ಯೂಟರ್‌ಗಳನ್ನು ದಾರಿಗೆ ತರುವವನು. ಬೂದೆಪ್ಪ ದೇವದುರ್ಗದ ಕಡೆ ಮಸರಕಲ್‌ನವನು. ಬೆಳಿಗ್ಗೆ ಮಗಳು ರಾಧಾಗೆ ಹೆರಿಗೆಯಾಗಿತ್ತು. ರಕ್ತ ನಿಲ್ಲುತ್ತಿಲ್ಲ. ಬೇಕಾದದ್ದು ಬಾಂಬೆ ಗ್ರೂಪ್, ಸಾವಿರಾರು ಜನರಲ್ಲಿ ಒಬ್ಬರಿಗೆ ಇರುವ ರಕ್ತ! ಹೈದರಾಬಾದಿನಿಂದ ಬರಲು ಆರು ತಾಸು. ಒಂದು ಬ್ಯಾಗ್ ಸಿಗದಿದ್ದರೆ ರಾಧಾಗೆ ಇದ್ದದ್ದು ಮೂರೇ ತಾಸು.

ರಕ್ತದಾನಿಗಳ ಆ್ಯಪ್ ನೋಡಿದೆ. ದಾನಿಗಳು: ಸೊನ್ನೆ.

ಸುಳ್ಳು! ಮೂರು ತಿಂಗಳ ಹಿಂದೆ ಮಾನ್ವಿಯ ದಾನಿಗಳ ನೋಂದಣಿ ಶಿಬಿರದಲ್ಲಿ ಆ ಗ್ರೂಪಿನ ಒಬ್ಬ ಹೆಂಗಸನ್ನು ನಾನೇ ಎಂಟ್ರಿ ಮಾಡಿದ್ದೆ. ಹೆಸರು ಮಾತ್ರ ನೆನಪಿಲ್ಲ. ಅವತ್ತು ಮುನ್ನೂರು ಹೆಸರು ಕುಟ್ಟಿದ್ದೆ.

ದಾನಿಗಳ ಪಟ್ಟಿ ಇರುವ ಸರ್ವರ್ ನಡೆಸುವ ಬಸವಪ್ರಸಾದನಿಗೆ ಫೋನ್ ಹಚ್ಚಿದೆ. ಈ ಸೊನ್ನೆಯ ದೂರು ಹೇಳುತ್ತಿರುವುದು ಹೋದ ತಿಂಗಳಿಂದ ಇದು ಹನ್ನೊಂದನೆಯ ಸಲ.

"ನಮ್ ಕಡಿಂದ ಎಲ್ಲಾ ಕರೆಕ್ಟ್ ಹೋಗಾಕತ್ತದ. ನಿಮ್ ಆ್ಯಪ್ ನೋಡ್ಕೋ."

"ಆ್ಯಪಿನವ್ರು ನಿಮ್ ಸರ್ವರ್ ಕಡೆ ಕೈ ತೋರ್ಸ್ತಾರ್ರೀ!"

"ಕಂಪ್ಲೇಂಟ್ ಕೊಟ್ಟೀಯಲ್ಲ, ಕಾಯ್ಕೋತ ಕೂಡು. ಸರ್ವರ್ ಮುಟ್ಟಿದಿ ಅಂದ್ರ ನಿನ್ನ ಕೆಲ್ಸ ಹೋತು."

ಕಟ್!

ಪಿತ್ತ ನೆತ್ತಿಗೇರಿತು. ಪರದೆಯನ್ನೇ ದಿಟ್ಟಿಸಿದೆ. ದೇವದುರ್ಗ, ಎಬಿ ನೆಗೆಟಿವ್: ಎರಡು. ಮಾನ್ವಿ, ಬಿ ನೆಗೆಟಿವ್: ನಾಲ್ಕು. ರಾಯಚೂರು... ಮೂರು, ಏಳು, ಸೊನ್ನೆ...

ತಡೀರಿ. ಇಡೀ ಜಿಲ್ಲೆಯಲ್ಲಿ ಒಂದು ಕಡೆಯೂ 'ಒಂದು' ಅಂತ ಇಲ್ಲ!

ಆಗ ಹೊಳೆಯಿತು. ಹಲವರಿದ್ದರೆ ಸರ್ವರ್ ಅವರನ್ನು ಬುಟ್ಟಿಯಲ್ಲಿಟ್ಟು ಕಳಿಸುತ್ತದೆ. ಒಬ್ಬರೇ ಇದ್ದರೆ ಬುಟ್ಟಿ ಯಾಕೆ ಅಂತ ಹಾಗೇ ಕೈಗೆ ಕೊಡುತ್ತದೆ. ಆ್ಯಪ್‌ಗೆ ಬುಟ್ಟಿ ಮಾತ್ರ ಗೊತ್ತು. ಬುಟ್ಟಿ ಕಾಣದಿದ್ದರೆ ಸೊನ್ನೆ!

ಆ್ಯಪಿನಲ್ಲೇ ಮಾನ್ವಿಯ ಬಾಂಬೆ ಗ್ರೂಪಿಗೆ ಒಂದು ಸುಳ್ಳು ಹೆಸರು ತುರುಕಿದೆ. ಹುಲಿಗೆಪ್ಪ. ಫೋನ್ ನಂಬರ್ ನನ್ನದೇ.

ದಾನಿಗಳು: ಎರಡು.

ಹುಲಿಗೆಪ್ಪ... ಲತೀಫಾ, ಬಳೆ ಅಂಗಡಿ, ಮಾನ್ವಿ!

ಮೊದಲ ರಿಂಗಿಗೇ ಎತ್ತಿದಳು. ಆಸ್ಪತ್ರೆಯ ಜೀಪ್ ಹತ್ತಿದೆ. ಮಾನ್ವಿ ರಸ್ತೆಯಲ್ಲಿ ಹತ್ತಿ ಹೇರಿದ ಲಾರಿಯೊಂದು ದಾರಿ ಕೊಡಲಿಲ್ಲ. ಎಡಕ್ಕೆ ನುಗ್ಗಿಸಿದೆ. ಕನ್ನಡಿ ಮುರಿಯಿತು. ಮುರೀಲಿ!

ವಾಪಸ್ ಬರುವಾಗ ಲತೀಫಾ ಕೇಳಿದಳು. "ಮೂರು ತಿಂಗ್ಳಿಂದ ಫೋನ್ ಕೈಯಾಗ ಹಿಡ್ಕೊಂಡೀನಿ ಭಾಯ್. ಯಾರಿಗೂ ಬೇಕಾಗಿರ್ಲಿಲ್ಲೇನು?"

ಬೇಕಾಗಿತ್ತು. ಹೋದ ತಿಂಗಳು, ಚೀಕಲಪರ್ವಿಯ ಒಬ್ಬ ಮುದುಕನಿಗೆ. ಪರದೆ ಸೊನ್ನೆ ಅಂದಿತ್ತು. ಅವನು ಸತ್ತ.

"ಇಲ್ಲವ್ವಾ," ಅಂದೆ. ಜೀಪ್ ಇನ್ನೂ ಜೋರು ಮಾಡಿದೆ.

ಗಡುವಿಗೆ ಹತ್ತು ನಿಮಿಷ ಇರುವಾಗ ರಾಧಾಗೆ ರಕ್ತ ಏರಿತು. ಸಂಜೆ ಕಣ್ಣು ಬಿಟ್ಟಳು. ಬೂದೆಪ್ಪ ಬಂದು ನನ್ನ ಕಾಲರ್ ಸರಿಮಾಡಿದ.

ಅಷ್ಟರಲ್ಲಿ ಬಸವಪ್ರಸಾದನ ಮೆಸೇಜ್. "ಬಾಂಬೆ ಗ್ರೂಪ್ ಚೆಕ್ ಮಾಡಲಾಗಿದೆ. ಇಬ್ಬರು ದಾನಿಗಳು ಕಾಣುತ್ತಿದ್ದಾರೆ. ತೊಂದರೆ ಇಲ್ಲ. ಕಂಪ್ಲೇಂಟ್ ಕ್ಲೋಸ್."

ಹುಲಿಗೆಪ್ಪನನ್ನು ಅಳಿಸಲು ಬೆರಳು ಎತ್ತಿದ್ದೆ... ಹಾಗೇ ಇಳಿಸಿದೆ.

ಹುಟ್ಟಿಯೇ ಇರದ ಹುಲಿಗೆಪ್ಪ ಪಕ್ಕದಲ್ಲಿ ನಿಂತರೆ ಮಾತ್ರ, ಬದುಕಿರುವ ಲತೀಫಾ ಈ ಜಿಲ್ಲೆಯ ಕಣ್ಣಿಗೆ ಬೀಳುತ್ತಾಳೆ!